ತುಕ್ಕಿನ ತೂಕ

ನಾನು ಚಿಕ್ಕವನಿದ್ದಾಗ ನನ್ನ ಅಂಗೈ ಯಾವಾಗಲೂ ಕಬ್ಬಿಣದ ವಾಸನೆ ಹೊಡೆಯುತ್ತಿತ್ತು. ದಾವಣಗೆರೆಯಲ್ಲಿ ಅಪ್ಪನದು ಕಬ್ಬಿಣದ ಅಂಗಡಿ. ಮೊಳೆ, ಸರಪಳಿ, ನೇಗಿಲ ಗುಳ ಮಾರುತ್ತಿದ್ದ. ಹರಿಹರ, ಮಲೆಬೆನ್ನೂರು ಕಡೆಯ ರೈತರು ತಂದ ಹಳೆಯ ಕಬ್ಬಿಣವನ್ನೂ ಕೊಳ್ಳುತ್ತಿದ್ದ. ಅಪ್ಪನಿಗೆ ತಕ್ಕಡಿ ಎಂದರೆ ದೇವರು. ಬೆಳಿಗ್ಗೆ ವಿಭೂತಿ ಮೊದಲು ತನ್ನ ಹಣೆಗೆ, ಆಮೇಲೆ ತಕ್ಕಡಿಗೆ.

ಅಕ್ಕ ಹೈಸ್ಕೂಲಿನಲ್ಲಿದ್ದಳು. ಒಂದು ದಿನ ಊಟಕ್ಕೆ ಕೂತಾಗ ರಸಾಯನಶಾಸ್ತ್ರದ ಪಾಠ ಹೇಳತೊಡಗಿದಳು. ಎಲ್ಲ ವಸ್ತುಗಳೂ ಪರಮಾಣು ಎಂಬ ಕಣಗಳಿಂದ ಆದವು. ಅವು ಹುಟ್ಟುವುದಿಲ್ಲ, ಸಾಯುವುದಿಲ್ಲ, ಒಂದಕ್ಕೊಂದು ಸೇರುತ್ತವೆ, ಬಿಡುತ್ತವೆ. ಗಾಳಿಯ ಕಣಗಳು ಬಂದು ಸೇರಿದಾಗಲೇ ಕಬ್ಬಿಣ ತುಕ್ಕಾಗುವುದು.

"ಅದಕ್ಕೇ ತುಕ್ಕು ಹಿಡಿದ್ರೆ ತೂಕ ಹೆಚ್ಚಾಗತೈತಪ್ಪ," ಎಂದಳು.

ರೊಟ್ಟಿ ಮುರಿಯುತ್ತಿದ್ದ ಅಪ್ಪನ ಕೈ ನಿಂತಿತು. "ಹುಟ್ಟಿದಾಗಿಂದ ಕಬ್ಬಿಣ ತೂಗ್ತಿದೀನಿ. ತುಕ್ಕು ಹಿಡಿದ ಮಾಲು ಕಮ್ಮೀನೇ ಬರತೈತೆ. ಇಂಥ ಸುಳ್ಳು ಕಲಿಯಾಕೆ ಶಾಲೆ ಯಾಕ ಬೇಕು? ಆ ಕಣಾನ ಯಾರು ನೋಡಿದಾರೆ?"

"ಯಾರೂ ನೋಡಿಲ್ಲಂತೆ. ತೂಗಿ ತೂಗಿ ತಿಳ್ಕೊಂಡಾರಂತೆ."

ತೂಗಿ ಎಂದ ಕೂಡಲೇ ಅಪ್ಪ ತುಸು ಮೆತ್ತಗಾದ. "ಹಂಗಾದ್ರೆ ನಾವೂ ತೂಗಾನ. ಕಮ್ಮಿ ಬಂದ್ರೆ ನೀನು ಶಾಲೆ ಬಿಡಬೇಕು ನೋಡು." ಅಪ್ಪ ಆಡಿದ ಮಾತು ತಪ್ಪುವವನಲ್ಲ.

ಸಣ್ಣ ಮೊಳೆಗಳನ್ನು ಅಪ್ಪನೇ ಎರಡು ಸಮಪಾಲಾಗಿ ತೂಗಿ ಕೊಟ್ಟ. ಒಂದು ಪಾಲನ್ನು ಅಕ್ಕ ಒಣ ಡಬ್ಬಿಯಲ್ಲಿಟ್ಟಳು. ಇನ್ನೊಂದನ್ನು ಪಿಂಗಾಣಿ ಬಸಿಯಲ್ಲಿ ಹರಡಿ ದಿನಾ ನೀರು ಚಿಮುಕಿಸಿದಳು. ವಾರಗಳು ಕಳೆದಂತೆ ಅವು ಕೆಂಪಗಾಗಿ ಹಕ್ಕಳೆ ಎದ್ದವು. ಬಿಸಿಲಿಗಿಟ್ಟು ಒಣಗಿಸಿ, ಒಂದು ಭಾನುವಾರ ಅಂಗಡಿಗೆ ಒಯ್ದೆವು. ಅಕ್ಕ ಶಾಲೆ ಬಿಟ್ಟರೆ ನಾನೊಬ್ಬನೇ ಶಾಲೆಗೆ ಅಷ್ಟು ದೂರ ನಡೆಯಬೇಕಲ್ಲ ಎಂದು ನನಗೆ ಅಳುವೇ ಬಂದಿತ್ತು.

ಅಪ್ಪ ಗಾದಿಯ ಬಿಳಿ ಹಾಸಿನ ಮೇಲೆ ಕೂತು, ಒಣ ಮೊಳೆಗಳನ್ನು ಒಂದು ತಟ್ಟೆಗೆ ಹಾಕಿದ. ತುಕ್ಕಿನ ಮೊಳೆಗಳನ್ನು ಅಂಗೈಗೆ ಸುರಿದುಕೊಂಡು ಗಸಗಸ ಉಜ್ಜಿ ಇನ್ನೊಂದಕ್ಕೆ ಹಾಕಿದ. ಹಳೆಯ ಕಬ್ಬಿಣವನ್ನು ತುಕ್ಕು ಉದುರಿಸಿಯೇ ತೂಗುವುದು ಅಂಗಡಿಯ ವಾಡಿಕೆ. ಅವನ ಕೈ ತಾನಾಗಿಯೇ ಹಾಗೆ ಮಾಡಿತ್ತು. ತುಕ್ಕಿನ ತಟ್ಟೆ ಮೇಲೆದ್ದಿತು.

"ನೋಡಿದ್ಯಾ? ಕಮ್ಮಿ ಐತೆ." ಅಪ್ಪನ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ.

ಅಕ್ಕ ವಾದ ಮಾಡಲಿಲ್ಲ. "ಉದುರಿದ್ದು ಎಲ್ಲಿ ಹೋತಪ್ಪ?" ಎಂದಷ್ಟೇ ಕೇಳಿದಳು. ಬಿಳಿ ಹಾಸಿನ ಮೇಲೆ ಕೆಂಪು ಪುಡಿ ಚೆಲ್ಲಿತ್ತು. ಅದನ್ನೆಲ್ಲ ಒಂದು ರಟ್ಟಿನ ತುಂಡಿನಿಂದ ಬಳಿದು, ಅಪ್ಪನ ಅಂಗೈಯನ್ನೂ ಕೊಡವಿಸಿ, ತಟ್ಟೆಗೆ ಸುರಿದಳು. ತಟ್ಟೆ ನಿಧಾನವಾಗಿ ಇಳಿದು ಸಮಕ್ಕೆ ಬಂತು. ಅಲ್ಲಿ ನಿಲ್ಲದೆ ಇನ್ನೂ ಕೆಳಗಿಳಿಯಿತು.

ಅಪ್ಪ ತಕ್ಕಡಿಯ ಮುಳ್ಳನ್ನು ತಟ್ಟಿ ನೋಡಿದ. ಎರಡೂ ಪಾಲುಗಳನ್ನು ಅದಲುಬದಲು ಮಾಡಿ ತೂಗಿದ. ತುಕ್ಕೇ ಹೆಚ್ಚು ಬಂತು.

"ತಕ್ಕಡಿ ಹೇಳಿದ ಮ್ಯಾಲೆ ಮುಗೀತು," ಎಂದ. "ನಾಳೆ ಶಾಲೆಗೆ ಹೋಗವ್ವ."

ಮೊಮ್ಮಕ್ಕಳೇ, ಈಗ ನಿಮ್ಮ ಮೊಬೈಲಿನಲ್ಲಿ ಪರಮಾಣುಗಳು ಬಣ್ಣದ ಗೋಲಿಗಳ ಹಾಗೆ ತಿರುಗುತ್ತವೆ. ತುಕ್ಕಿನ ವಿಷಯ ಕೇಳಿದರೆ ಉತ್ತರ ಅಲ್ಲೇ ಸಿಗುತ್ತದೆ, ನೀರು ಚಿಮುಕಿಸುವ ತಾಪತ್ರಯವಿಲ್ಲ. ಮೊನ್ನೆ ನಿಮ್ಮಲ್ಲೊಬ್ಬಳು ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದು ಬಂದು ಅತ್ತಳು. ಆಮೇಲೆ ಐಸ್‌ಕ್ರೀಂ ತಿಂದು, ಮಾರನೆಯ ದಿನ ಎಂದಿನಂತೆ ಶಾಲೆಗೆ ಹೋದಳು. ಅಕ್ಕನ ಉತ್ತರ ತಪ್ಪಿದ್ದರೆ ಅವಳಿಗೆ ಮಾರನೆಯ ದಿನ ಶಾಲೆಯೇ ಇರುತ್ತಿರಲಿಲ್ಲ.