ಮೋತಿಗೆ ಅಗಿದಿಟ್ಟ ರೊಟ್ಟಿ

ಆದವಾನಿಯಲ್ಲಿ ನನಗೆ ಸಿಕ್ಕ ಮೊದಲ ಬುದ್ಧಿಮಾತು “ಅಗಿದು ಉಗುಳು” ಎಂಬುದು.

ಮೈಸೂರಿನಿಂದ ಬಂದು ರೈಲಿಳಿದ ಮಾರನೆಯ ಬೆಳಿಗ್ಗೆ. ಪಾತ್ರೆ ಕಟ್ಟಿದ್ದ ಗೋಣಿಯನ್ನೂ ನಾನು ಬಿಚ್ಚಿರಲಿಲ್ಲ. ಎದುರುಮನೆಯ ಹೆಂಗಸೊಬ್ಬರು ಬಾಗಿಲು ತಟ್ಟದೆ, ಬರಲೇ ಎಂದು ಕೇಳದೆ, ನೇರ ಪಡಸಾಲೆಗೆ ಬಂದರು. ಸೆರಗಿನೊಳಗಿಂದ ಕಪ್ಪು ನಾಯಿಮರಿಯೊಂದನ್ನು ತೆಗೆದು ನೆಲದ ಕಲ್ಲುಚಪ್ಪಡಿಯ ಮೇಲೆ ಬಿಟ್ಟರು. ಇನ್ನೊಂದು ಕೈಯಲ್ಲಿ ಜೋಳದ ರೊಟ್ಟಿಯ ಚೂರಿತ್ತು. ಅದನ್ನು ನನ್ನ ಮುಂದೆ ಹಿಡಿದರು.

“ತಗೋ ತಂಗಿ. ಇದನ್ನ ಬಾಯಾಗ ಹಾಕ್ಕೊಂಡು ಚೆಂದಾಗಿ ಅಗಿ. ಅಗಿದು ಅಂಗೈಯಾಗ ಉಗುಳು. ಅದನ್ನ ಈ ಮರಿಗೆ ತಿನ್ನಿಸು. ಸಾಯೋತನಕ ನಿನ್ನ ಬೆನ್ನು ಬಿಡಂಗಿಲ್ಲ ನೋಡು.”

ನಾನು ಹಿಂದೆ ಸರಿದು ಗೋಡೆಗೆ ಒರಗಿ ನಿಂತೆ. ಎಂಜಲು ಕೈಯಲ್ಲಿ ನೀರಿನ ಚೊಂಬು ಮುಟ್ಟಿದರೆ ಅದನ್ನು ಹುಣಸೆಹಣ್ಣು ಹಾಕಿ ತೊಳೆಯುವ ಮನೆಯಲ್ಲಿ ಬೆಳೆದವಳು ನಾನು. ನಾಯಿ ನಮ್ಮಲ್ಲಿ ಹೊಸಿಲು ದಾಟಿದ್ದೇ ಇಲ್ಲ. “ನನಗೆ ನಾಯಿ ಬೇಕು ಅಂತ ಯಾರು ಹೇಳಿದರು?” ಎಂದೆ.

“ಯಾರೂ ಹೇಳಿಲ್ಲವ್ವ. ನಿಮ್ಮ ಮನಿಯವರು ಮುಂಜಾನೆ ಜಿನ್ನಿಗೆ ಹೋದ್ರ ದೀಪ ಹಚ್ಚೋ ಹೊತ್ತಿಗೆ ಬರ್ತಾರ. ಓಣಿ ತುಂಬ ಹತ್ತಿ ಬಂಡಿ, ಹೊಸ ಹೊಸ ಮಂದಿ. ನೀ ಒಬ್ಬಾಕಿ ಇರ್ತಿ. ಮನಿ ಮುಂದ ಒಂದು ನಾಯಿ ಇಲ್ಲಂದ್ರ ಹೆಂಗ?”

ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ಇಲ್ಲಿ ಜಿನ್ನು ಎನ್ನುತ್ತಾರೆ. ನನ್ನ ಯಜಮಾನರಿಗೆ ಅಲ್ಲಿ ಎಂಜಿನ್ ನೋಡಿಕೊಳ್ಳುವ ಕೆಲಸ. ಬಂದವರ ಹೆಸರು ಈರಮ್ಮ. ಊರಾಚೆ ಅವರಿಗೆ ಎರೆಹೊಲವಿದೆ, ಮನೆಯಲ್ಲಿ ಎಮ್ಮೆಗಳಿವೆ, ಕೊರಳಲ್ಲಿ ಬೆಳ್ಳಿಯ ಕರಡಿಗೆಯಲ್ಲಿಟ್ಟ ಲಿಂಗವಿದೆ. ಎದುರಿಗಿರುವವರು ಬೇಡವೆಂದದ್ದನ್ನು ಕೇಳಿಸಿಕೊಳ್ಳುವ ಅಭ್ಯಾಸ ಮಾತ್ರ ಇಲ್ಲ. ನಾನು ಕೈ ಚಾಚಲಿಲ್ಲವಾದ್ದರಿಂದ, “ಪರವಾಲೇದು ಬಿಡು,” ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಆ ರೊಟ್ಟಿಯನ್ನು ತಾವೇ ಬಾಯಿಗೆ ಹಾಕಿಕೊಂಡು ಅಗಿದು ಮರಿಗೆ ತಿನ್ನಿಸಿಬಿಟ್ಟರು. ಮರಿ ಅವರ ಅಂಗೈಯನ್ನು ನೆಕ್ಕಿ ಸ್ವಚ್ಛ ಮಾಡಿತು. ಆಮೇಲೆ ಅದನ್ನು ನನ್ನ ಮನೆಯಲ್ಲೇ ಬಿಟ್ಟು ಹೋದರು.

ನಾನು ತಡೆಯಲಿಲ್ಲ. ಆ ದಿನಗಳಲ್ಲಿ ನನಗೆ ಬೇಕು ಎಂಬುದೂ ಇರಲಿಲ್ಲ, ಬೇಡ ಎಂಬುದೂ ಇರಲಿಲ್ಲ. ಅದರ ಹಿಂದಿನ ಮಳೆಗಾಲದಲ್ಲಿ ಮೈಸೂರಿನಲ್ಲಿ ನಮ್ಮ ಐದು ತಿಂಗಳ ಮಗು ಜ್ವರದಿಂದ ತೀರಿಕೊಂಡಿತ್ತು. ಊರು ಬದಲಾದರೆ ನಾನು ಸರಿಹೋದೇನು ಎಂದು ನಮ್ಮವರು ಈ ಕೆಲಸ ಒಪ್ಪಿಕೊಂಡಿದ್ದರು. ನಾನು ಅತ್ತಿರಲಿಲ್ಲ. ಅಳು ಬರುತ್ತಿಲ್ಲವಲ್ಲ ಎಂದು ಹೆದರಿಕೆಯೂ ಆಗಿರಲಿಲ್ಲ. ಕೈಕಾಲು ಜೋಮು ಹಿಡಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ನನ್ನ ಇಡೀ ದೇಹ ಹಾಗಿತ್ತು.

ಮೈಸೂರಿನ ಗೆಳತಿಯರು ಈ ಊರು ಹೇಗಿದೆ ಎಂದು ಕೇಳುತ್ತಾರೆ. ಅಲ್ಲಿ ಮನೆಗೆ ಹೆಂಚು, ಇಲ್ಲಿ ಮಣ್ಣಿನ ಮಾಳಿಗೆ. ಅಲ್ಲಿ ನಲ್ಲಿ ತಿರುಗಿಸಿದರೆ ನೀರು, ಇಲ್ಲಿ ಬೇಸಿಗೆಯಲ್ಲಿ ಸಿಹಿನೀರಿನ ಬಾವಿಯ ಮುಂದೆ ಕೊಡಗಳ ಸಾಲು. ಅಲ್ಲಿ ಮೂರು ಹೊತ್ತು ಅನ್ನ. ಇಲ್ಲಿ, ಅದೂ ಈ ಯುದ್ಧದ ಕಾಲದಲ್ಲಿ, ಅಕ್ಕಿ ಕಂಡರೆ ಹಬ್ಬ. ಹತ್ತಿಯ ಕಾಲದಲ್ಲಿ ಗಾಳಿಯ ತುಂಬ ನವಿರು ತೇಲುತ್ತದೆ. ಒಲೆಯ ಮೇಲಿನ ಸಾರಿನಲ್ಲೂ ಅದೇ, ರೆಪ್ಪೆಯ ಮೇಲೂ ಅದೇ. ಭಾಷೆ ಕನ್ನಡವೇ, ಆದರೆ ಒಂದು ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ನಾನು ಅಂಗಡಿಯಲ್ಲಿ “ಸ್ವಲ್ಪ ಬೆಲ್ಲ ಕೊಡಿ” ಎಂದರೆ ನಿಂತವರೆಲ್ಲ ತಿರುಗಿ ನೋಡುತ್ತಿದ್ದರು. ಓಣಿಯವರಿಗೆ ನಾನು ಮೈಸೂರಮ್ಮ. ನನ್ನ ಹೆಸರನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮರಿಗೆ ಮಾತ್ರ ಅಂದೇ ಹೆಸರಾಯಿತು, ಮೋತಿ ಎಂದು. ಮೋತಿ ಎಂದರೆ ಮುತ್ತು. ಇದ್ದಿಲಿನಂಥ ಕಪ್ಪು ನಾಯಿಗೆ ಮುತ್ತು ಎನ್ನುವ ಧೈರ್ಯ ಈ ಊರಿನವರಿಗೆ ಇದೆ.

ನಾಯಿ ಆರಿಸುವ ವಿದ್ಯೆಯನ್ನು ಈರಮ್ಮ ಆಮೇಲೆ ಹೇಳಿದರು. ಬೇಕಾದವರು ಕೇಳಿಸಿಕೊಳ್ಳಬಹುದು. ಮೊದಲು ತಾಯಿಯನ್ನು ನೋಡಬೇಕು; ಅದು ತಿನ್ನುವಾಗ ಹತ್ತಿರ ಹೋದರೆ ಹೇಗಿರುತ್ತದೆಂದು ನೋಡಬೇಕು. ಮರಿಗಳು ಹಾಲು ಬಿಟ್ಟು ತಾವಾಗಿ ತಿನ್ನುವ ತನಕ ತರಬಾರದು. ಆಮೇಲೆ ಅವುಗಳ ಹಿಂದೆ ನಿಂತು ಚಪ್ಪಾಳೆ ತಟ್ಟಬೇಕು. ಓಡಿಹೋಗುವುದು ಬೇಡ, ಮೈಮೇಲೆ ಎಗರಿ ಬರುವುದೂ ಬೇಡ. ತಿರುಗಿ ನೋಡಿ, ಸ್ವಲ್ಪ ಯೋಚಿಸಿ, ಮೆಲ್ಲಗೆ ಹತ್ತಿರ ಬರುತ್ತದಲ್ಲ, ಅದು ಮನೆಗೆ ಆಗುವ ಮರಿ. ನಮ್ಮ ಮೈಸೂರಿನಲ್ಲಿ ನಾಯಿ ಸಾಕುವ ದೊಡ್ಡ ಮನೆಗಳವರು ಬಣ್ಣ ನೋಡುತ್ತಾರೆ, ಕೂದಲು ನೋಡುತ್ತಾರೆ, ಬಿಸ್ಕತ್ತು ಹಾಕಿ ಇಂಗ್ಲಿಷಿನಲ್ಲಿ ಗದರುತ್ತಾರೆ. ಇಲ್ಲಿ ನಾಯಿಯೆಂದರೆ ಮನೆಯಲ್ಲಿ ಕೆಲಸವಿರುವ ಇನ್ನೊಂದು ಜೀವ.

ಮೋತಿಯನ್ನು ಸಾಕಲು ನಾನು ಕಲಿತದ್ದು ಬೇರೆ ಕೆಲಸವಿಲ್ಲದ್ದರಿಂದ. ಹೊತ್ತಿಗೆ ಸರಿಯಾಗಿ ಒಂದೇ ಜಾಗದಲ್ಲಿ, ಒಂದೇ ತಟ್ಟೆಯಲ್ಲಿ ಇಡುತ್ತಿದ್ದೆ. ಉಪ್ಪು ಖಾರ ಹಾಕುತ್ತಿರಲಿಲ್ಲ. ತಪ್ಪು ಮಾಡಿದರೆ ಆಗಲೇ ಗದರಬೇಕು. ಗಂಟೆ ಬಿಟ್ಟು ಗದರಿದರೆ ಅದಕ್ಕೆ ಏಕೆಂದು ತಿಳಿಯುವುದಿಲ್ಲ. ಒಮ್ಮೆ ಪೊರಕೆ ಎತ್ತಿದ್ದೆ. “ಹೊಡೀಬ್ಯಾಡ ತಂಗಿ. ಹೊಡೆದ ನಾಯಿ ಕಳ್ಳನ ಕೈಯಾಗ ಕೋಲು ಕಂಡ್ರೂ ಮುದುರಿಕೊಳ್ತೈತಿ,” ಎಂದು ಈರಮ್ಮ ಅದನ್ನು ಕಿತ್ತುಕೊಂಡರು. ಉಣ್ಣಿಹುಳ ಹತ್ತಿದರೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಹುಡುಕಿ ತೆಗೆದು ಹೊಂಗೆಎಣ್ಣೆ ಸವರಬೇಕು. ಬೇಸಿಗೆಯ ಮಧ್ಯಾಹ್ನ ನಾಯಿಯನ್ನು ಹೊರಗೆ ಬಿಡುವ ಮೊದಲು ಚಪ್ಪಡಿಯ ಮೇಲೆ ನಮ್ಮ ಅಂಗೈಯನ್ನು ಊರಿ ನೋಡಬೇಕು. ನಮ್ಮ ಕೈ ತಾಳದಿದ್ದರೆ ಅದರ ಪಾದವೂ ತಾಳದು. ಇದನ್ನು ಯಾರೂ ಹೇಳಿಕೊಡಲಿಲ್ಲ. ಮೋತಿ ಒಂದು ದಿನ ಪಾದ ಸುಟ್ಟುಕೊಂಡು ಕುಣಿಯುತ್ತ ಒಳಗೆ ಬಂದದ್ದನ್ನು ಕಂಡು ಕಲಿತೆ.

ಇಷ್ಟೆಲ್ಲ ಮಾಡಿದರೂ ಅದು ನನ್ನ ನಾಯಿಯಾಗಲಿಲ್ಲ. ನನ್ನ ಮನೆಯಲ್ಲಿ ಉಂಡು ನನ್ನ ಬಾಗಿಲಲ್ಲಿ ಮಲಗುತ್ತಿತ್ತು, ಅಪರಿಚಿತರು ಬಂದರೆ ಬೊಗಳುತ್ತಿತ್ತು. ಆದರೆ ಎದುರುಮನೆಯಲ್ಲಿ ಈರಮ್ಮ ಕೆಮ್ಮಿದರೂ ಸಾಕು, ಕಿವಿ ನೆಟ್ಟಗಾಗಿ, ಬಾಲ ತಾನೇ ಅಲ್ಲಾಡಿ, ಒಂದೇ ನೆಗೆತಕ್ಕೆ ಓಣಿ ದಾಟುತ್ತಿತ್ತು. ನಾನು ಕರೆದರೆ ಬರುತ್ತಿತ್ತು, ಗುಮಾಸ್ತ ಸಾಹೇಬರ ಬಳಿಗೆ ಬರುವ ಹಾಗೆ.

“ಮೊದಲ ತುತ್ತು ನೀ ಕೊಡಲಿಲ್ಲಲ್ಲ, ಅದಕ್ಕ,” ಎಂದು ಈರಮ್ಮ ನಗುತ್ತಿದ್ದರು.

“ಅದೆಲ್ಲ ಸುಳ್ಳು ಅಕ್ಕ,” ಎನ್ನುತ್ತಿದ್ದೆ. ಹೊಟ್ಟೆಯಲ್ಲಿ ಮಾತ್ರ ಸಣ್ಣದೊಂದು ಚುಚ್ಚು. ಬಹಳ ದಿನಗಳ ಮೇಲೆ ಏನೋ ಒಂದು ಚುಚ್ಚಿತಲ್ಲ ಎಂದು ಆಶ್ಚರ್ಯವಾಯಿತು.

ಆ ನಡುವೆ ನಾನು ರೊಟ್ಟಿ ಬಡಿಯುವುದನ್ನೂ ಕಲಿತೆ. ಕಲಿಸಿದವರೂ ಅವರೇ. ತಿಂಗಳುಗಟ್ಟಲೆ ನನ್ನ ರೊಟ್ಟಿ ಗುಂಡಗಿನದೊಂದನ್ನು ಬಿಟ್ಟು ಬೇರೆಲ್ಲ ಆಕಾರಕ್ಕೂ ಬಂತು. ಒಂದು ದಿನ ಒಡೆಯದೆ, ಹರಿಯದೆ ಹಂಚಿಗೆ ಇಳಿಯಿತು, ಮೇಲೆ ನೀರು ಸವರಿ ತಿರುವಿದಾಗ ಉಬ್ಬಿತು. ಈರಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, “ಇನ್ನ ನೀ ಈ ಊರಾಕಿ ಆದಿ,” ಎಂದರು. ನಾನು ನಕ್ಕೆ. ಆದರೂ ಊಟಕ್ಕೆ ಕುಳಿತರೆ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದೆ. ನಮ್ಮವರು ನೋಡಿಯೂ ನೋಡದವರಂತೆ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಬಿಸಿಲು ಏರಿದ ಕಾಲದಲ್ಲಿ ಈರಮ್ಮನ ಮಗಳ ಬಾಣಂತನ ಬಂತು. ಮಗಳನ್ನು ಚಿಪ್ಪಗಿರಿಗೆ ಕೊಟ್ಟಿದ್ದರು. ಅವಳು ಕಷ್ಟದ ಬಸುರಿ, ಇಲ್ಲಿಗೆ ಕರೆತರುವ ಹಾಗಿರಲಿಲ್ಲ, ಎಮ್ಮೆಗಳನ್ನು ಹೊಲದ ಆಳಿಗೆ ಒಪ್ಪಿಸಿ ತಾವೇ ಬಂಡಿ ಕಟ್ಟಿಸಿಕೊಂಡು ಹೊರಟರು. ಮೋತಿಯನ್ನು ನಾನು ಹಗ್ಗ ಹಾಕಿ ಹಿಡಿದುಕೊಂಡಿದ್ದೆ. ಬಂಡಿ ತಿರುವಿನಲ್ಲಿ ಮರೆಯಾಗುವ ತನಕ ಅದು ಬೊಗಳಲಿಲ್ಲ, ಎಳೆಯಲೂ ಇಲ್ಲ. ಆಮೇಲೆ ಹಗ್ಗ ಬಿಚ್ಚಿದೆ. ಹೋಗಿ ಅವರ ಮುಚ್ಚಿದ ಬಾಗಿಲ ಮುಂದೆ ಮಲಗಿತು.

ಅಂದು ಉಣ್ಣಲಿಲ್ಲ. ಮರುದಿನವೂ ಉಣ್ಣಲಿಲ್ಲ. ಮಜ್ಜಿಗೆ ಅನ್ನ ಕಲಸಿ ಇಟ್ಟೆ, ಹಾಲಿಟ್ಟೆ, ಮಂಗಳವಾರದ ಪೂಜೆಗೆಂದು ಇಟ್ಟುಕೊಂಡಿದ್ದ ತುಪ್ಪವನ್ನೂ ರೊಟ್ಟಿಗೆ ಸವರಿದೆ. ಮೂಸಿ ಮುಖ ತಿರುಗಿಸಿತು. ನೀರು ಮಾತ್ರ ನಾನು ತಟ್ಟೆ ಹಿಡಿದು ಕುಳಿತರೆ ಸ್ವಲ್ಪ ನೆಕ್ಕುತ್ತಿತ್ತು. ಆ ವಾರವೇ ನಾನು ತವರಿಗೆ ಹೊರಡಬೇಕಿತ್ತು, ಪೆಟ್ಟಿಗೆ ಕಟ್ಟಿಯಾಗಿತ್ತು.

“ನಾಯಿಗೋಸ್ಕರ ನಿಲ್ಲುತ್ತೀಯೇನೆ?” ಎಂದರು ನಮ್ಮವರು. ಬೈಗುಳವಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದರು.

“ಗೊತ್ತಿಲ್ಲ ಕಣ್ರೀ,” ಎಂದೆ. ಗೊತ್ತಿರಲಿಲ್ಲ.

ಪಕ್ಕೆಲುಬು ಎದ್ದು ಕಂಡ ದಿನ ನಾನು ಅದನ್ನು ಎತ್ತಿಕೊಂಡು ಬಂದು ಪಡಸಾಲೆಯಲ್ಲಿ ಮಲಗಿಸಿದೆ. ಆ ಹೊತ್ತಿಗೆ ನನ್ನ ಕೈಯಲ್ಲಿ ಭಾರವೇ ಇಲ್ಲದಷ್ಟು ಹಗುರವಾಗಿತ್ತು. ಹಾಗೆ ಹಗುರವಾಗುವುದು ಏನೆಂದು ನನಗೆ ಗೊತ್ತು. ಕೊನೆಯ ದಿನಗಳಲ್ಲಿ ಮಗುವೂ ಹಾಗೇ ಆಗಿತ್ತು. ಎದೆಹಾಲು ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು.

ನಾನು ಒಲೆ ಹಚ್ಚಿ ಒಂದು ರೊಟ್ಟಿ ಬಡಿದೆ. ಬಿಸಿ ಆರಿದ ಮೇಲೆ ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಅಗಿದೆ. ಜೋಳದ ರೊಟ್ಟಿಯನ್ನು ನುಣ್ಣಗಾಗುವಂತೆ ಅಗಿಯಲು ಬಹಳ ಹೊತ್ತು ಬೇಕು, ದವಡೆ ನೋಯುತ್ತದೆ. ನಮ್ಮ ಮಗು ಅನ್ನ ಮುಟ್ಟುವ ವಯಸ್ಸಿಗೆ ಬರಲಿಲ್ಲ. ಅದಕ್ಕೆಂದು ನಾನು ಒಂದು ತುತ್ತನ್ನೂ ಕಿವುಚಿರಲಿಲ್ಲ, ಊದಿ ಆರಿಸಿರಲಿಲ್ಲ. ಅಗಿಯುತ್ತ ಅದು ನೆನಪಾಯಿತು. ಎದೆಯಲ್ಲಿ ನೋವಾಯಿತು, ಎಲ್ಲಿ ಎಂದು ಕೈಯಿಟ್ಟು ತೋರಿಸಬಲ್ಲಷ್ಟು ನೋವು. ಅಂಗೈಗೆ ಉಗುಳಿದೆ. ನನ್ನ ಎಂಜಲು ನನಗೇ ಬೆಚ್ಚಗೆ ತಾಕಿತು. ಮೋತಿಯ ಮೂಗಿನ ಮುಂದೆ ಹಿಡಿದೆ.

ಬಹಳ ಹೊತ್ತು ಸುಮ್ಮನೆ ನೋಡಿತು. ಆಮೇಲೆ ನಾಲಿಗೆ ಚಾಚಿ ಸ್ವಲ್ಪ ತೆಗೆದುಕೊಂಡಿತು. ಇನ್ನೊಂದು ಚೂರು ಅಗಿದೆ. ಅದನ್ನೂ ತಿಂದಿತು. ಮೂರನೆಯದನ್ನು ಅಗಿಯುವಾಗ ಮರೆತು ನಾನೇ ನುಂಗಿಬಿಟ್ಟೆ. ನಾಯಿ ನನ್ನ ಬಾಯನ್ನೇ ನೋಡುತ್ತಿತ್ತು. ಅಂದು ಆ ರೊಟ್ಟಿಯನ್ನು ನಾವಿಬ್ಬರೂ ಮುಗಿಸಿದೆವು. ಇನ್ನೊಂದು ಬಡಿದೆ, ಅದೂ ಮುಗಿಯಿತು. ಅಳು ಆಗಲೂ ಬರಲಿಲ್ಲ. ಹಸಿವಾಗಿತ್ತು ಅಷ್ಟೆ.

“ಹಸಿವು ತಡೆಯಲಾರದೆ ತಿಂದಿದೆ, ಎಂಜಲಿನ ಮಹಿಮೆ ಏನೂ ಅಲ್ಲ,” ಎಂದರು ನಮ್ಮವರು. ಇರಬಹುದು. ಓದಿದವರು ಹೇಳುವುದೂ ಅದೇ ಇರಬೇಕು. ನಾಯಿ ಉಪವಾಸ ಬಿದ್ದರೆ ವೈದ್ಯರಿಗೆ ತೋರಿಸಿ ಎಂದು ನಾನೂ ಹೇಳುತ್ತೇನೆ. ಇಲ್ಲಿ ನಡೆದದ್ದು ಇಷ್ಟು ಎಂದು ಮಾತ್ರ ಬರೆಯುತ್ತಿದ್ದೇನೆ. ಆ ಬೇಸಿಗೆ ನಾನು ತವರಿಗೆ ಹೋಗಲಿಲ್ಲ.

ಮೊದಲ ಮಳೆ ಬಿದ್ದು ಎರೆಮಣ್ಣು ಚಕ್ರಕ್ಕೆ ಮೆತ್ತುವ ದಿನಗಳಲ್ಲಿ ಈರಮ್ಮ ಹಿಂದಿರುಗಿದರು. ಮೊಮ್ಮಗ ಹುಟ್ಟಿದ್ದ, ಮಗಳು ಉಳಿದಿದ್ದಳು. ಬಂಡಿಯಿಂದ ಇಳಿಯುವಾಗಲೇ “ಮೋತೀ” ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ. ಮೋತಿ ನನ್ನ ಕಾಲ ಬಳಿಯಿಂದ ಎದ್ದು ಹಾರಿಹೋಗಿ ಅವರ ಮೈಮೇಲೆ ಬಿದ್ದು ಮುಖವೆಲ್ಲ ನೆಕ್ಕಿತು. ಆಯಿತು, ಹೋಯಿತು ಎಂದುಕೊಂಡೆ. ಒಳಗೆ ಹೋಗಲು ತಿರುಗಿದೆ.

ಅಷ್ಟರಲ್ಲಿ ಅದು ನನ್ನತ್ತ ಓಡಿಬಂದು ಸೆರಗು ಹಿಡಿದು ಜಗ್ಗಿತು. ಮತ್ತೆ ಅತ್ತ ಓಡಿತು. ಮತ್ತೆ ಇತ್ತ. ನಾಲಿಗೆ ಹೊರಬಿದ್ದು ಏದುಸಿರು ಬರುವ ತನಕ ಹೀಗೇ ನಡೆಯಿತು. ಕೊನೆಗೆ ಎರಡೂ ಮನೆಗಳ ನಡುವೆ, ಓಣಿಯ ಕೆಸರಿನಲ್ಲಿ, ಮುಖ ಒಂದು ಕಡೆ ಬಾಲ ಒಂದು ಕಡೆ ಮಾಡಿಕೊಂಡು ಮಲಗಿಬಿಟ್ಟಿತು.

ಈರಮ್ಮ ಸೊಂಟದ ಮೇಲೆ ಕೈಯಿಟ್ಟು ಅದನ್ನು ನೋಡಿದರು, ನನ್ನನ್ನು ನೋಡಿದರು.

“ಅಗಿದು ಕೊಟ್ಟಿ?”

“ಕೊಟ್ಟೆ ಅಕ್ಕ.”

“ಹಂಗಾರ ಇನ್ನ ಅದಕ್ಕ ಎರಡು ಮನಿ. ಎರಡೂ ಕಡೆ ಕಾಯಬೇಕು. ನಿದ್ದಿ ಎಲ್ಲಿಂದ ಬರಬೇಕು ಪಾಪ ಅದಕ್ಕ,” ಎಂದರು. ನನ್ನ ಹತ್ತಿರ ಬಂದು ಗಲ್ಲ ಸವರಿ, “ಮೈ ತುಂಬಿಕೊಂಡೀ ತಂಗಿ. ನಿನ್ನ ಹೆಸರೇನವ್ವ? ಇಷ್ಟು ದಿನ ಕೇಳೇ ಇಲ್ಲ ನೋಡು,” ಎಂದರು. ಹೇಳಿದೆ. ನನ್ನ ಹೆಸರು ನನಗೇ ಹೊಸದಾಗಿ ಕೇಳಿಸಿತು.

ಆ ವರ್ಷದ ದಸರೆಗೆ ಮೈಸೂರಿಗೆ ಹೋದೆ. ಅಮ್ಮ ಬಾಳೆಎಲೆಯ ತುಂಬ ಅನ್ನ ಬಡಿಸಿದರು, ಗಸಗಸೆ ಪಾಯಸ ಮಾಡಿದ್ದರು. ಮಗುವನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿಬಂದೆ. ಅಲ್ಲಿ ಹುಲ್ಲು ಬೆಳೆದಿತ್ತು. ಆ ನೆಲ ಬಿಟ್ಟು ಎಲ್ಲಿಗೂ ಹೋಗಬಾರದು ಎನ್ನಿಸಿತು. ಅದೇ ಮಧ್ಯಾಹ್ನ ಊಟ ಮುಗಿಯುತ್ತಿದ್ದಾಗ ಅಮ್ಮ, “ಏನೇ ಅದು, ಬಾಯಲ್ಲಿ ಇಟ್ಟುಕೊಂಡು ಕೂತಿದ್ದೀಯ? ನುಂಗು,” ಎಂದರು. ಕೊನೆಯ ತುತ್ತನ್ನು ನಾನು ನುಣ್ಣಗೆ ಅಗಿದು, ನುಂಗದೆ, ಎಡ ಅಂಗೈಯನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದೆ.