ಪರದೆ ಕೀಲಿಗೆ ಈರವ್ವನ ಕಂಡಿಕೆ

ಸಂಸ್ಥಾನದ ಕಾಲದ ಬನಹಟ್ಟಿಯಲ್ಲಿ ನೇಕಾರರ ಈರವ್ವನಿಗೆ ಕೀಲಿ ತೆಗೆಯುವ ಹುಚ್ಚು. ಕೀಲಿಕೈ ಕಳೆದುಕೊಂಡವರು ಬಂದರೆ ಛತ್ರಿಯ ಕಡ್ಡಿ ಬಗ್ಗಿಸಿ ಬೀಗ ತೆಗೆದುಕೊಡುತ್ತಿದ್ದಳು. ಹೆಣ್ಣಿಗೇಕೆ ಇದೆಲ್ಲ ಎಂದವರಿಗೆ, "ಕೈ ನಂದು, ನಿಮ್ಮಪ್ಪಂದಲ್ಲ" ಎನ್ನುತ್ತಿದ್ದಳು.

ಒಂದು ದಿನ ನೂಲಿನ ವ್ಯಾಪಾರಿ ಆದಿನಾಥ ಸಾವಕಾರರು ವಿಲಾಯತಿ ಕೀಲಿಯೊಂದನ್ನು ಅವಳ ಮುಂದಿಟ್ಟರು. "ಇದನ್ನ ತಗದ್ರ ನೀ ಖರೆ ಜಾಣಿ."

ಎಂಟು ದಿನ ಅದು ಜಗ್ಗಲಿಲ್ಲ. ತೂತಿನೊಳಗೆ ದುಂಡನೆಯ ಲೋಹದ ಪರದೆಯಿತ್ತು. ಒಂದು ಕಡ್ಡಿ ಹಾಕಿ ತಿರುಗಿಸಿದರೆ ಪರದೆಯೂ ತಿರುಗಿ, ಒಳಗಿನ ಪಟ್ಟಿಗಳನ್ನು ಎತ್ತಬೇಕಾದ ಎರಡನೆಯ ಕಡ್ಡಿಯ ದಾರಿ ಮುಚ್ಚುತ್ತಿತ್ತು.

ಒಂಬತ್ತನೆಯ ದಿನ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದವಳ ಕೈ ಗಕ್ಕನೆ ನಿಂತಿತು. ರಾಟೆಯ ಕದಿರು ಆ ಟೊಳ್ಳು ಕಂಡಿಕೆಯ ಹೊಟ್ಟೆಯೊಳಗೇ ಕೂತಿತ್ತು! ಹಿತ್ತಾಳೆಯ ತಗಡನ್ನು ಸಣ್ಣ ಕೊಳವೆಯಾಗಿ ಸುತ್ತಿ, ಒಳಗೆ ಕಡ್ಡಿ ತೂರಿಸಿ, ಎರಡನ್ನೂ ಕೀಲಿಯ ತೂತಿಗೆ ಹಾಕಿದಳು. ಕೊಳವೆ ಪರದೆಯನ್ನು ತಿರುಗಿಸಿ ಹಿಡಿಯಿತು. ಕಡ್ಡಿ ಒಳಗಿನ ಪಟ್ಟಿಗಳನ್ನು ಒಂದೊಂದಾಗಿ ಎತ್ತಿತು. ಕೀಲಿ ಬಾಯಿ ಬಿಟ್ಟಿತು.

ಸುದ್ದಿ ತಿಳಿದು ಬಂದ ಸಾವಕಾರರ ಮುಖ ಕಪ್ಪಿಟ್ಟಿತು. "ಸಾಕು ಬಿಡವಾ ಈ ಚಟ. ಕಳ್ಳಿ ಅಂತಾರ ಮಂದಿ."

ಈರವ್ವ ಅದೇ ಕೊಳವೆ, ಕಡ್ಡಿಗಳಿಂದ ಕೀಲಿಯನ್ನು ಮತ್ತೆ ಹಾಕಿ ಅವರ ಅಂಗೈಯಲ್ಲಿಟ್ಟಳು.

"ಕಳ್ಳಗ ಪೆಟಗ್ಯಾಗಿಂದು ಬೇಕ್ರಿ ಸಾವಕಾರ್ರ. ನನಗ ಕೀಲಿನ ಸಾಕು. ನಾಳಿ ಇದಕ್ಕಿಂತ ಗಟ್ಟಿದ್ದು ತರ್ರಿ."