ಬಿಡದ ಬೂಟು

ಕೋವಿಡ್ ಕಾಟ ಮುಗಿದು ಜನ ಮತ್ತೆ ಹೊರಗೆ ತಿರುಗಾಡಲು ಶುರುಮಾಡಿದ್ದ ವರ್ಷ ಅದು. ಸೈನ್ಯದಲ್ಲಿ ಜಲಕ್ರೀಡೆ ಕಲಿಸುವ ಕೆಲಸದಿಂದ ನಿವೃತ್ತನಾಗಿ ನಾನು ಸೇಡಂಗೆ ಮರಳಿದ್ದೆ. ನಮ್ಮದು ಕಾಗಿಣಾ ನದಿ ದಂಡೆಯ ಮನೆತನ, ನೀರು ಬಿಟ್ಟು ನನಗೆ ಬೇರೇನೂ ಗೊತ್ತಿಲ್ಲ. ಚಂದಾಪುರದ ವ್ಯಾಪಾರಿ ವೀರಣ್ಣನವರು ಚಿಂಚೋಳಿ ಕಡೆಯ ಜಲಾಶಯವೊಂದರಲ್ಲಿ ವಾಟರ್ ಸ್ಕೀ ಕ್ಯಾಂಪ್ ತೆರೆದು, ಮುಖ್ಯ ತರಬೇತುದಾರನಾಗಿ ಬನ್ನಿ ಎಂದರು. ಬೂಟಿನ ವಿಷಯದಲ್ಲಿ ನನ್ನ ಮಾತೇ ಕೊನೆ ಎಂಬ ಷರತ್ತು ಹಾಕಿ ಒಪ್ಪಿಕೊಂಡೆ. ಅವರು ನಕ್ಕರು, ನಾನು ನಗಲಿಲ್ಲ.

ಈ ಆಟ ನೋಡದವರಿಗೆ ಎರಡು ಮಾತು. ಮುಂದೆ ಮೋಟಾರ್ ಬೋಟು, ಅದರ ಹಿಂದೆ ಎಪ್ಪತ್ತೈದು ಅಡಿ ಹಗ್ಗ, ಹಗ್ಗದ ತುದಿ ಹಿಡಿದು ನೀರಿನ ಮೇಲೆ ಜಾರುವ ಮನುಷ್ಯ. ಒಂದೊಂದು ಕಾಲಿಗೂ ಒಂದೊಂದು ಉದ್ದನೆಯ ಹಲಗೆ, ಅದೇ ಸ್ಕೀ. ಹಲಗೆಗೆ ಜೋಡಿಸಿದ ರಬ್ಬರ್ ಬೂಟಿನಲ್ಲಿ ಪಾದ ಕೂತಿರುತ್ತದೆ. ಆ ಬೂಟು ಜಾರುವಾಗ ಹಿಡಿದಿರಬೇಕು, ಬಿದ್ದ ಕ್ಷಣ ಬಿಡಬೇಕು. ಆ ವೇಗದಲ್ಲಿ ಬಿದ್ದವನಿಗೆ ನೀರು ನೀರಾಗಿರುವುದಿಲ್ಲ, ಗೋಡೆಯಾಗಿರುತ್ತದೆ. ಬೂಟು ಬಿಡದಿದ್ದರೆ ಆ ಉದ್ದ ಹಲಗೆ ಹಾರೆಯ ಹಾಗೆ ಕಾಲನ್ನು ಮೀಟಿ ಮುರಿಯುತ್ತದೆ. ಹಾಗೆ ಮುರಿದ ಕಾಲುಗಳನ್ನು ನಾನು ಸೈನ್ಯದಲ್ಲಿ ನೋಡಿದ್ದೆ.

ಅದಕ್ಕೇ ನನ್ನ ಕ್ಯಾಂಪಿನಲ್ಲಿ ನೀರಿಗಿಳಿಯುವ ಮೊದಲು ದಂಡೆಯ ಮೇಲೆ ಒಂದು ಪರೀಕ್ಷೆ ಇತ್ತು. ಕಲಿಯುವವನು ಬೂಟು ಹಾಕಿಕೊಂಡು ನೆಲದ ಮೇಲೆ ಕೂರಬೇಕು. ನಾನು ಸ್ಕೀಯನ್ನು ಮೊಣಕಾಲುಗಳ ನಡುವೆ ಗಟ್ಟಿಯಾಗಿ ಹಿಡಿಯುತ್ತೇನೆ. ಅವನು ಹಿಮ್ಮಡಿ ಎತ್ತಿ, ಪಾದ ತಿರುವಿ ಹೊರಗೆ ಎಳೆದುಕೊಳ್ಳಬೇಕು. ಪಾದ ಬರದಿದ್ದರೆ ಅವತ್ತಿಗೆ ಆಟವಿಲ್ಲ, ಅವನು ಯಾರ ಮಗನಾದರೂ ಸರಿ.

ಕಲಿಯಲು ಬಂದವರಲ್ಲಿ ಎಲ್ಲರಿಗಿಂತ ಗಟ್ಟಿಗ ಭೀಮರಾಯ, ಶಹಾಬಾದ್‌ನ ನೆಲಹಾಸಿನ ಫರ್ಸಿ ಕಲ್ಲಿನ ಗಣಿಯ ಕೆಲಸಗಾರ. ನೀರು ತುಂಬಿದ ಹಳೆ ಗಣಿಗಳಲ್ಲಿ ಈಜಿ ಬೆಳೆದ ಆಳು. ಅವನ ಅಣ್ಣ ಸಿದ್ರಾಮ ಅದೇ ಗಣಿಯಲ್ಲಿ ಮುಕಾದಮ, ಅಂದರೆ ಕಲ್ಲು ಹೊರುವ ತಂಡದ ಹಿರಿಯ. ಆ ತಂಡದಲ್ಲಿ ಒಂದು ಪದ್ಧತಿಯಿತ್ತು. ಕಲ್ಲಿನ ಕೆಸರಿನಲ್ಲಿ ಚಪ್ಪಲಿ ಕಳಚಿದರೆ ಹೊತ್ತವನು ಜಾರುತ್ತಾನೆ, ಚಪ್ಪಡಿ ಜೊತೆಯವರ ಮೇಲೆ ಬೀಳುತ್ತದೆ. ಆದ್ದರಿಂದ ಬೆಳಿಗ್ಗೆ ಕೆಲಸ ಶುರುವಾಗುವ ಮೊದಲು ಮುಕಾದಮನೇ ಕುಕ್ಕರಗಾಲಲ್ಲಿ ಕೂತು ಪ್ರತಿಯೊಬ್ಬನ ಚಪ್ಪಲಿಗೂ ಪಾದಕ್ಕೂ ಸೇರಿಸಿ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯುತ್ತಿದ್ದ. ಬೇರೆಯವರು ಕಟ್ಟಿದರೆ ಯಾರೂ ಕಲ್ಲು ಹೊರುತ್ತಿರಲಿಲ್ಲವಂತೆ.

ಕ್ಯಾಂಪಿನ ಮೊದಲ ಪ್ರದರ್ಶನದ ಹಿಂದಿನ ದಿನ ತಾಲೀಮಿನಲ್ಲಿ ಭೀಮರಾಯ ಬಿದ್ದ. ಎಡಗಾಲು ಬೂಟಿನಲ್ಲೇ ಉಳಿದು, ಬಲಗಾಲು ಕಳಚಿ ಹೊರಬಂತು. ಹಲಗೆ ತಿರುಚಿಕೊಂಡದ್ದು ಬಲಗಡೆಯೇ. ನನಗೆ ಖುಷಿಯಾಯಿತು. ದಂಡೆಯಲ್ಲಿದ್ದ ಸಿದ್ರಾಮನ ಮುಖ ಮಾತ್ರ ಕಪ್ಪಿಟ್ಟಿತು.

"ಏನ್ರೀ ಸಾಹೇಬ್ರ, ಬೂಟ್ ಬಿಚ್ಚಿ ಹೋತಲ್ರೀ!"

"ಬಿಚ್ಚಿತು, ಅದಕ್ಕೇ ಕಾಲು ಉಳೀತು," ಎಂದೆ.

"ನಮ್ಮ ತಂಡದಾಗ ಇಷ್ಟು ವರ್ಷದಾಗ ಒಬ್ಬಂದೂ ಕಾಲ್ ಕಳಚಿಲ್ರೀ," ಎಂದ. ನಾನು ಮತ್ತೊಮ್ಮೆ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಕೇಳುವ ಕಿವಿ ಬೇರೆ, ಒಪ್ಪುವ ಮನಸ್ಸು ಬೇರೆ.

ಪ್ರದರ್ಶನದ ದಿನ ಸೇಡಂ, ಚಿತ್ತಾಪುರ, ವಾಡಿಯಿಂದೆಲ್ಲ ಜನ ಬಂದಿದ್ದರು. ದಂಡೆಯ ಮೇಲೆ ಭೀಮರಾಯನ ಎರಡೂ ಬೂಟು ಪರೀಕ್ಷಿಸಿದೆ, ಎರಡೂ ಸಲೀಸಾಗಿ ಬಿಟ್ಟವು. ಅವನನ್ನು ಕಟ್ಟೆಯ ತುದಿಯಲ್ಲಿ ಕೂರಿಸಿ ನಾನು ಬೋಟು ಹತ್ತಿದೆ. ತಿರುಗಿ ನೋಡಿದಾಗ ಸಿದ್ರಾಮ ತಮ್ಮನ ಮುಂದೆ ಬಗ್ಗಿದ್ದ. ಅವನ ಬೆನ್ನಷ್ಟೇ ಕಾಣುತ್ತಿತ್ತು. ಹಣೆಗೆ ವಿಭೂತಿ ಹಚ್ಚಿ ಹರಸಲು ಬಂದಿರಬೇಕು ಎಂದುಕೊಂಡೆ.

ಎರಡು ಸುತ್ತು ಚೆನ್ನಾಗಿ ಹೋಯಿತು, ಜನ ಸಿಳ್ಳೆ ಹಾಕಿದರು. ಮೂರನೆಯ ತಿರುವಿನಲ್ಲಿ ಹಲಗೆಗಳು ಒಂದಕ್ಕೊಂದು ತಾಗಿದವು. ಭೀಮರಾಯ ಮುಖ ಕೆಳಗಾಗಿ ನೀರಿಗೆ ಅಪ್ಪಳಿಸಿದ. ಎಡಗಡೆಯ ಹಲಗೆ ಕಳಚಿ ಹಾರಿ ಅವನ ಹಣೆಗೇ ಬಡಿಯಿತು. ಬಲಗಡೆಯದು ಕಳಚಲಿಲ್ಲ. ಅದು ನೀರಿನಲ್ಲಿ ಗಿರಕಿ ಹೊಡೆಯಿತು, ಅದರ ಜೊತೆ ಅವನ ಪಾದವೂ ತಿರುಗಿತು. ಮೂಳೆ ಮುರಿದ ಸದ್ದು ಮೋಟಾರಿನ ಗದ್ದಲದಲ್ಲೂ ನನಗೆ ಕೇಳಿಸಿತು.

ಬೋಟು ನಿಲ್ಲಿಸಲು ಚಾಲಕನಿಗೆ ಕೂಗಿ ಚಾಕು ಹಿಡಿದು ಹಾರಿದೆ. ಲೈಫ್ ಜಾಕೆಟ್ ಅವನನ್ನು ತೇಲಿಸಿತ್ತು, ಆದರೆ ಒಂದೊಂದು ಅಲೆಯೂ ಹಲಗೆಯನ್ನು ದೂಡಿ ಮುರಿದ ಕಾಲನ್ನು ಮತ್ತೆ ತಿರುವುತ್ತಿತ್ತು. ಹಲಗೆ ಸಮೇತ ಅವನನ್ನು ಬೋಟಿಗೆ ಎತ್ತುವಂತಿರಲಿಲ್ಲ. ನಾನು ಕಾಲಿಗೆ ಕೈ ಹಾಕಿದ್ದೇ ತಡ, ಅವನು ನೋವಿನಲ್ಲಿ ಹುಚ್ಚೆದ್ದು ನನ್ನ ಕುತ್ತಿಗೆ ಹಿಡಿದ. ಕಲ್ಲು ಎತ್ತುವ ಕೈಗಳು ಅವು. ಎರಡು ಸಲ ನೀರು ಕುಡಿದೆ, ಕಣ್ಣು ಕತ್ತಲಿಟ್ಟಿತು. ಮುಷ್ಟಿ ಬಿಗಿದು ಅವನ ದವಡೆಗೆ ಗುದ್ದಿದೆ. ಹಿಡಿತ ಸಡಿಲವಾಗಲಿಲ್ಲ, ಇನ್ನೊಂದು ಗುದ್ದಿದೆ. ಆಗ ಬಿಟ್ಟ.

ನೀರಿನೊಳಗೆ ಕೈಯಾಡಿಸಿದರೆ ಬೂಟಿನ ಸುತ್ತ ರಬ್ಬರ್ ಪಟ್ಟಿ, ಹಿಮ್ಮಡಿಯಿಂದ ಕಣಕಾಲಿನ ತನಕ ಬಿಗಿಯಾಗಿ ಸುತ್ತಿತ್ತು! ಅಂಥ ಸಿಟ್ಟು ನನಗೆ ಜೀವಮಾನದಲ್ಲಿ ಬಂದಿಲ್ಲ. ಬೈಯುತ್ತಲೇ ಕತ್ತರಿಸಿದೆ. ಪಟ್ಟಿ ಕಡಿದೊಡನೆ ಬೂಟು ತಾನಾಗಿ ಕಳಚಿತು. ಪಾದ ನೀಲಿಗಟ್ಟಿ ತಣ್ಣಗಾಗಿತ್ತು.

ದಂಡೆಯಿಂದ ನೋಡಿದವರಿಗೆ ಕಂಡದ್ದು ಮಾತ್ರ ಬೇರೆ. ಕೈಯಲ್ಲಿ ಚಾಕು ಹಿಡಿದವನೊಬ್ಬ ಗಾಯಗೊಂಡವನನ್ನು ಗುದ್ದುತ್ತಿದ್ದಾನೆ, ನೀರು ಕೆಂಪಾಗಿದೆ. ಭೀಮರಾಯನನ್ನು ಬೋಟಿನಲ್ಲಿ ಮಲಗಿಸಿ ತಂದು ನಾನು ಕಟ್ಟೆಗೆ ಕಾಲಿಡುತ್ತಿದ್ದಂತೆ ಸಿದ್ರಾಮ ಮೈಮೇಲೆ ಬಿದ್ದ.

"ನನ್ ತಮ್ಮನ್ನ ಖೂನಿ ಮಾಡ್ಲಿಕತ್ತಿದ್ದೇನಲೇ!"

ಹುಟ್ಟುಗೋಲಿನ ಮೊದಲ ಏಟು ಭುಜಕ್ಕೆ, ಎರಡನೆಯದು ಬಾಯಿಗೆ. ಮುಂದಿನ ಹಲ್ಲು ಎರಡು ಉದುರಿದವು. ನಾನು ಬಿದ್ದೆ. ಆಟ ನೋಡಲು ಬಂದಿದ್ದ ಅವನ ತಂಡದವರು ಒದ್ದರು. ವೀರಣ್ಣನವರು "ಬಿಡ್ರೋ, ಬಿಡ್ರೋ" ಎಂದು ದೂರದಿಂದಲೇ ಕೂಗಿದರು, ಹತ್ತಿರ ಬರುವ ಧೈರ್ಯ ಅವರಿಗೂ ಇರಲಿಲ್ಲ. ಹುಟ್ಟುಗೋಲು ಮತ್ತೆ ಮೇಲೆದ್ದಿತು, ಈ ಸಲ ತಲೆಗೆ.

"ಅಣ್ಣಾ!" ಬೋಟಿನಲ್ಲಿ ಮಲಗಿದ್ದ ಭೀಮರಾಯ ಚೀರಿದ. "ಅವ್ರು ಕೊಯ್ದು ಬಿಡಿಸ್ಯಾರೋ. ಕಟ್ಟಿದಾಂವ ನೀನೇ!"

ಸಿದ್ರಾಮ ನನ್ನ ಕೈ ನೋಡಿದ. ಕತ್ತರಿಸಿದ ಪಟ್ಟಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ತಾನು ಹಾಕಿದ ಗಂಟು ಅವನಿಗೆ ಗುರುತು ಸಿಗದಿರುತ್ತದೆಯೇ? ಹುಟ್ಟುಗೋಲು ಕೆಳಗಿಟ್ಟು ಅಲ್ಲೇ ಕುಸಿದು ಕೂತ. ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಬಾಯಿ ತುಂಬ ರಕ್ತವಿತ್ತು.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲಿಗೆ ಕಾಲು ಉಳಿಯುವ ಭರವಸೆ ಕೊಡಲಿಲ್ಲ. ಪಟ್ಟಿ ರಕ್ತದ ಓಟವನ್ನೇ ತಡೆದಿತ್ತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದಿದ್ದರೆ ಪಾದ ಕತ್ತರಿಸಬೇಕಾಗುತ್ತಿತ್ತು ಎಂದರು. ರಾಡ್ ಹಾಕಿದರು, ಕಾಲು ಉಳಿಯಿತು. ಭೀಮರಾಯ ಈಗ ಕುಂಟುತ್ತಾನೆ, ಕಲ್ಲು ಹೊರುವುದಿಲ್ಲ. ಪೊಲೀಸರು ದೂರು ಕೊಡುತ್ತೀರಾ ಎಂದು ಕೇಳಿದರು. ಬೇಡ ಎಂದೆ. ತಮ್ಮನ ಕಾಲು ಮುರಿದ ಗಂಟು ತನ್ನದೇ ಎಂದು ತಿಳಿದವನಿಗೆ ನಾನು ಇನ್ನೇನು ಶಿಕ್ಷೆ ಕೊಡಿಸಲಿ?

ಮುಂದಿನ ಹಂಗಾಮಿನಲ್ಲಿ ಸಿದ್ರಾಮ ಕ್ಯಾಂಪಿಗೆ ಬಂದ. ನಾನು ಮಾತಾಡಿಸಲಿಲ್ಲ. ಐನಾಪುರದಿಂದ ಬಂದಿದ್ದವನೊಬ್ಬ ಬೂಟು ಹಾಕಿ ನೆಲದ ಮೇಲೆ ಕೂತಿದ್ದ. ಸಿದ್ರಾಮ ನನ್ನನ್ನು ಕೇಳದೆಯೇ ಕುಕ್ಕರಗಾಲಲ್ಲಿ ಕೂತು, ಸ್ಕೀಯನ್ನು ಮೊಣಕಾಲುಗಳ ನಡುವೆ ಹಿಡಿದ.

"ತಿರುವ್ರಿ," ಎಂದ. ಪಾದ ಹೊರಬಂತು. "ಆ ಕಾಲೂ ತಿರುವ್ರಿ." ಅದು ಬರಲಿಲ್ಲ. ಸಿದ್ರಾಮ ಎದ್ದು ನಿಂತ.

"ಇವತ್ತ ನೀರಿಗಿ ಇಳೀಬ್ಯಾಡ್ರಿ."

"ಇಷ್ಟು ದೂರ ಬಂದೀನಿ, ಒಂದ್ ಸುತ್ತು ಬಿಡ್ರೀ," ಎಂದು ಐನಾಪುರದವನು ಗೋಗರೆದ. ಸಿದ್ರಾಮ ಸ್ಕೀ ಎತ್ತಿ ಹೆಗಲಿಗಿಟ್ಟುಕೊಂಡು ನನ್ನ ಕಡೆ ನೋಡಿದ. ಆ ದಿನದ ನಂತರ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು. ನಾನು ಮುಂದಿನ ಹಲ್ಲಿಲ್ಲದ ಬಾಯಲ್ಲಿ, "ಅವರು ಹೇಳಿದ ಹಾಗೆ ಕೇಳಿ," ಎಂದೆ.

ಕೆಲಸ ನನಗೆ ಕಲಿಸಿದ್ದು ಇಷ್ಟು. ಪ್ರೀತಿಯಿದ್ದವರು ಬಿಗಿಯಾಗಿ ಕಟ್ಟುತ್ತಾರೆ, ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಟ್ಟಿದ್ದು ಬಿಚ್ಚುತ್ತದೆಯೇ ಎಂದು ನೋಡುವುದನ್ನು ಮಾತ್ರ ಕಲಿಯಬೇಕಾಗುತ್ತದೆ. ಸಿದ್ರಾಮ ಅದನ್ನು ತಮ್ಮನ ಕಾಲು ತೆತ್ತು ಕಲಿತ. ಈಗ ನನ್ನ ಕ್ಯಾಂಪಿನಲ್ಲಿ ಅವನು ಪರೀಕ್ಷಿಸದ ಬೂಟು ನೀರಿಗಿಳಿಯುವುದಿಲ್ಲ.